ಅವರೆಕಾಳಿನ ಹುಳಿಗೆ ಕೆಂಪೋ ಬಿಳಿಯೋ

ಮೊನ್ನೆ ತಂಗಿಯ ಮಗ ನಮ್ಮ ಮನೆಯಲ್ಲಿ ವೈನ್ ಬಾಟಲಿಯ ಬಿರಡೆ ಎಳೆದ. ಹುದುಗಿದ ದ್ರಾಕ್ಷಿಯ ವಾಸನೆ... ಬೀದಿಗೆ ಹೋದೀತೆಂದು ನಾನು ಎದ್ದು ಕಿಟಕಿ ಮುಚ್ಚಿದೆ. ಮುಚ್ಚುವಾಗಲೇ ಚಾಮರಾಜನಗರದ ನನ್ನ ಮನೆ ಯಜಮಾನರು ನೆನಪಾದರು.

ಐವತ್ತರ ದಶಕದಲ್ಲಿ ನಾನು ಅಲ್ಲಿ ಹೊಸ ಮೇಷ್ಟ್ರು, ಅವರ ಹೊರಕೋಣೆಯ ಬಾಡಿಗೆದಾರ. ಅವರದು ರೇಷ್ಮೆ ವ್ಯಾಪಾರ. ಆ ವರ್ಷ ನೂಲು ಕೇಳುವವರಿಲ್ಲದೆ ಅಟ್ಟ ಸೇರಿತ್ತು. ಊಟಿಯಿಂದ ಇಳಿದು ಬರಲಿದ್ದ ಫ್ರಾನ್ಸಿನ ಸಾಹೇಬ ಕೊಂಡರೆ ವ್ಯಾಪಾರ ಉಂಟು, ಇಲ್ಲವಾದರೆ ಮುಚ್ಚಬೇಕು. ಆತನಿಗೆ ಒಂದೊಂದು ಪದಾರ್ಥಕ್ಕೂ ಹೊಂದುವ ವೈನ್ ಬೇಕಂತೆ, ಇಲ್ಲದೆ ಊಟ ಸೇರದಂತೆ.

ಗುಂಡ್ಲುಪೇಟೆಯ ಬಂಗಲೆಯ ಬಟ್ಲರನಿಂದ ಯಜಮಾನರು ಎರಡು ಬಾಟಲಿ ತಂದರು. ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ ಎಂದು ಅವನು ಹೇಳಿಕೊಟ್ಟಿದ್ದ. ಲಿಂಗಪೂಜೆಯ ಮನೆಯಲ್ಲಿ ಎರಡೂ ಇಲ್ಲ.

"ಮೇಷ್ಟ್ರೇ, ಅವರೆಕಾಳು ಹುಳಿ ಮಾಂಸದ ಕಡೀಕೋ, ಮೀನಿನ ಕಡೀಕೋ?"

ಎರಡನ್ನೂ ತಿಂದಿರದ ನಾನು ಊಟ ನಿದ್ದೆ ಬಿಟ್ಟು ಯೋಚಿಸಿ, ಕಾಳು ಗಟ್ಟಿ, ಆದ್ದರಿಂದ ಮಾಂಸ ಎಂದು ತೀರ್ಪು ಕೊಟ್ಟೆ. ಒಬ್ಬಟ್ಟು ಮೀನಾಯಿತು.

ಬಾಟಲಿ ಒಳಗೆ ಬರಕೂಡದೆಂದು ಅವರ ತಾಯಿ ಹಟ ಹಿಡಿದದ್ದರಿಂದ ಅವು ಜಗಲಿಯಲ್ಲೇ ನಿಂತವು. ಸಾಹೇಬ ಒಳಗೆ ಹುಳಿ ಉಂಡು, ಕೆಂಪು ಗುಟುಕರಿಸಲು ಎದ್ದು ಹೊರಬಂದ. ನಮ್ಮಲ್ಲಿ ಎಲೆಯಿಂದ ಎದ್ದರೆ ಊಟ ಮುಗಿದಂತೆ. ಅವನು ಮರಳಿದಾಗ ಎಲೆ ಇರಲಿಲ್ಲ; ಯಜಮಾನರ ತಾಯಿ ನೆಲ ಸಾರಿಸುತ್ತಿದ್ದರು. ರೇಷ್ಮೆ ಹೋಯಿತೆಂದೇ ನಾನು ಅಂದುಕೊಂಡೆ.

ಯಜಮಾನರು ಜಗಲಿಗೆ ಎರಡು ಎಲೆ ತಂದು ಹಾಕಿ, ಅವನ ಪಕ್ಕದಲ್ಲಿ ತಾವೂ ಕೂತರು. ಬೀದಿಗೆ ಬೀದಿಯೇ ನೋಡುತ್ತಿತ್ತು.

"ಮಾನ ಕಳ್ದ್‌ಬುಟ್ಟಲ್ಲೋ," ಎಂದರು ತಾಯಿ ಒಳಗಿನಿಂದ.

"ಮನೇಗ್ ಬಂದೋನ್ನ ಒಬ್ನೇ ಉಣ್ಣಕ್ ಬುಟ್ರೆ ಮಾನ ಓಯ್ತದೆ ಕಣವ್ವಾ."

ಒಬ್ಬಟ್ಟಾದ ಮೇಲೆ, ಹೊಂದಿತೇ ಕೇಳಿ ಎಂದು ನನಗೆ ಸನ್ನೆ ಮಾಡಿದರು. ಹುಳಿಗೆ ಕೆಂಪು ಒಪ್ಪಿತು, ಒಬ್ಬಟ್ಟಿಗೆ ನೀರೇ ವಾಸಿ ಎಂದ ಸಾಹೇಬ. ನೂಲನ್ನೆಲ್ಲ ಕೊಂಡ. ಯಜಮಾನರು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಮಾತ್ರ ಹುಳಿಯ ಸಂಗತಿ!

ಆಮೇಲೆ ಯಾವ ಪಂಕ್ತಿಯಲ್ಲಿ ಕೂತರೂ ಬಡಿಸಿದ್ದನ್ನು ತೋರಿಸಿ, "ಇದುಕ್ಕೆ?" ಎಂದು ನನ್ನ ಕಿವಿಯಲ್ಲಿ ಕೇಳುತ್ತಿದ್ದರು. ನಾನು ಧೈರ್ಯವಾಗಿ ಒಂದು ಬಣ್ಣ ಹೇಳುತ್ತಿದ್ದೆ. ಒಂದು ಹನಿಯನ್ನೂ ಮುಟ್ಟದೆ, ಕೊನೆತನಕ ಕೇಳುತ್ತಲೇ ಇದ್ದರು...

ನನಗೀಗ ಕೊನೆಗಾಲದ ಅವರ ವಯಸ್ಸು. ಮದುವೆಮನೆಯಲ್ಲಿ ಗೊಜ್ಜು ಬಡಿಸಿದರೆ ಉತ್ತರ ಹೇಳಲು ಪಕ್ಕಕ್ಕೆ ವಾಲುತ್ತೇನೆ. ಪಕ್ಕದವರು ಪಾಪ, ಇವರಿಗೆ ಉಪ್ಪು ಬೇಕಂತೆ ಎಂದು ಬಡಿಸುವವನನ್ನು ಕೂಗುತ್ತಾರೆ.