ಬೀಗರ ಹಾಡು ಕಟ್ಟಿದವರು ಯಾರು?

ನಮ್ಮ ಓಣಿಯಲ್ಲಿ ಪ್ರತಿ ಭಾನುವಾರ ಸಂಜೆ, ಎಪ್ಪತ್ತೈದು ದಾಟಿದ ಮೂವರು ಗಂಡಸರು ಒಟ್ಟಿಗೆ ಕುಳಿತು 'ಊ' ಎನ್ನುತ್ತಾರೆ.

ಒಬ್ಬರದು ಕೆಳಗಿನ 'ಊ', ಒಬ್ಬರದು ನಡುವಿನದು, ಇನ್ನೊಬ್ಬರದು ಮೇಲಿನದು. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ಯಾರಿಗೋ ಹೊಟ್ಟೆನೋವು ಎಂದುಕೊಂಡು ಅಜವಾನದ ನೀರು ಹಿಡಿದು ಓಡಿ ಬಂದಿದ್ದರು. ಈಗ ಅವರಿಗೆ ರೂಢಿಯಾಗಿದೆ. (ಅವರ ನಾಯಿಗೆ ಇನ್ನೂ ಆಗಿಲ್ಲ.)

ಬೈಲಹೊಂಗಲದಲ್ಲಿ ಭಜನೆ ಕೇಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇದು ಭಜನೆಯಲ್ಲ. ಅರವತ್ತರ ದಶಕದ ಇಂಗ್ಲೆಂಡಿನ ಪಾಪ್ ಹಾಡು. ಅದು ಇಲ್ಲಿಗೆ ಹೇಗೆ ಬಂತು ಅಂತೀರಾ? ಶಾರ್ಟ್‌ವೇವ್ ರೇಡಿಯೋ ಹತ್ತಿ ಬಂತು. ಬಂದು ನೆಟ್ಟಗೆ ಚನ್ನಬಸಪ್ಪ ಕಾಕಾ ಅವರ ಕಿವಿಯಲ್ಲಿ ಇಳಿಯಿತು. ಇವತ್ತಿಗೂ ಅಲ್ಲೇ ಇದೆ.

ಕಾಕಾ ಹತ್ತಿ ವ್ಯಾಪಾರಿ. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ, ಕಾಕಾ ಇಂಗ್ಲೆಂಡನ್ನು ನೋಡಿಕೊಳ್ಳುತ್ತಾರೆ. ಮೇಲಿನ 'ಊ' ಅವರದು. ನಡುವಿನದು ಬಾಲ್ಯದ ಗೆಳೆಯ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ದಸ್ತಗೀರ ಕಾಕಾ ಅವರದು. ಕೆಳಗಿನದಕ್ಕೆ ಕಿತ್ತೂರಿನಿಂದ ಬಸ್ಸಿನಲ್ಲಿ ಒಬ್ಬರು ಬರುತ್ತಾರೆ. ಬಸ್ಸು ತಡವಾದ ದಿನ ಹಾಡಿಗೆ ಬುಡವೇ ಇರುವುದಿಲ್ಲ.

ಈ ಅಭಿಮಾನಿಗಳ ಹತ್ತಿರ ಮಾತಾಡುವಾಗ ಹುಷಾರಾಗಿರಬೇಕು. ಜಗತ್ತಿಗೆಲ್ಲ ಗೊತ್ತಿರುವ ತಂಡದ ಹೆಸರು ಹೇಳಿದಿರೋ, ಕೆಟ್ಟಿರಿ. ನಾನು ಒಮ್ಮೆ ಹೇಳಿದ್ದೆ. ಕಾಕಾ ನನ್ನನ್ನು ಕನಿಕರದಿಂದ ನೋಡಿ, "ಅದನ್ನ ಎಲ್ಲಾರೂ ಕೇಳತಾರೋ ತಮ್ಮಾ" ಎಂದರು. ಎಲ್ಲರೂ ಕೇಳುವುದನ್ನು ಕೇಳಿದರೆ ಅಭಿಮಾನಿ ಹೇಗಾದಾನು? ಎರಡು ಹಾಡು ಹಾಡಿ ಮರೆಯಾದ ತಂಡಗಳೇ ಇವರಿಗೆ ಬೇಕು. ಅದಕ್ಕಿಂತ ಹೆಚ್ಚಾಗಿ ಆ ತಂಡಗಳಿಗೆ ಹಾಡು ಬರೆದುಕೊಟ್ಟು, ತಾವು ಕತ್ತಲಲ್ಲೇ ಉಳಿದವರು ಬೇಕು.

"ಹಾಡಿದವ ಕಾರು ಕೊಂಡ. ಬರದವ ಬಸ್ಸಿನ್ಯಾಗ ಹ್ವಾದ" ಎಂದು ಕಾಕಾ ಚಷ್ಮಾ ತೆಗೆದು ಒರೆಸುತ್ತಾರೆ. ಯಾರ ಕಾರು, ಯಾವ ಬಸ್ಸು ಎಂದು ಕೇಳುವ ಧೈರ್ಯ ನನಗಿಲ್ಲ.

ಸುಮ್ಮನೆ ಮರುಗಿ ಕೂಡುವ ಮನುಷ್ಯರಲ್ಲ ಅವರು. ಮೊಮ್ಮಗಳು ಯೂಟ್ಯೂಬ್ ಕಲಿಸಿಕೊಟ್ಟ ಮೇಲೆ, ಯಾವ ಹಳೆಯ ಹಾಡಿನ ಕೆಳಗೆ ಬರೆದವರ ಹೆಸರಿಲ್ಲವೋ ಅಲ್ಲೆಲ್ಲ ಕಮೆಂಟ್ ಹಾಕುತ್ತಾರೆ. ರೆಸ್ಪೆಕ್ಟೆಡ್ ಸರ್ ಎಂದು ಶುರು, ಯುವರ್ಸ್ ಫೇತ್‌ಫುಲಿ ಎಂದು ಮುಕ್ತಾಯ. ನಡುವೆ, ಬರೆದವರ ಹೆಸರು ಹಾಕದಿರುವುದು ಘೋರ ಅನ್ಯಾಯ, ಕೂಡಲೇ ಸರಿಪಡಿಸತಕ್ಕದ್ದು ಎಂಬ ತಾಕೀತು. ಇಂಗ್ಲೆಂಡಿನಲ್ಲಿ ಯಾರೋ ಒಬ್ಬರು ನಿಜವಾಗಿಯೂ ಸರಿಪಡಿಸಿ ಥ್ಯಾಂಕ್ಸ್ ಹೇಳಿದ್ದರು. ಅವತ್ತು ಓಣಿಗೆಲ್ಲ ಪೇಢಾ ಹಂಚಿದರು.

ಹೋದ ಭಾನುವಾರ ನಾನೂ ಅಲ್ಲಿದ್ದೆ. ಕಾಕಾ ಭಾರೀ ಖುಷಿಯಲ್ಲಿದ್ದರು. ಯರಗಟ್ಟಿಯ ಒಂದು ಮದುವೆಯಲ್ಲಿ ಆರ್ಕೆಸ್ಟ್ರಾದ ಹುಡುಗಿಯರಿಬ್ಬರು ಹಾಡಿದ ಬೀಗರ ಹಾಡಿನ ಯೂಟ್ಯೂಬ್ ವಿಡಿಯೋ ಅವರ ಫೋನಿಗೆ ಬಂದಿತ್ತು. ಬೀಗರ ಹಾಡು ಗೊತ್ತಲ್ಲ? ಮದುವೆಯಲ್ಲಿ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯ ಬೀಗರನ್ನು ಹಾಡಿನಲ್ಲೇ ಎತ್ತಿ ಒಗೆಯುವುದು. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ನಗಬೇಕು.

"ಎರಡನೇ ದನಿ ಹೆಂಗ ಬಂದೈತಿ ನೋಡ್ರಿ ಇಲ್ಲಿ" ಎಂದರು ಕಾಕಾ. "ಇಂಗ್ಲೆಂಡಿನವರು ಕಲಿಸಿದಂಗ ಐತಿ. ನಮ್ಮ ಹಳೀ ಜನಪದದಾಗೂ ಹಾರ್ಮನಿ ಇತ್ತಂದಂಗಾತು."

ಚನ್ನಬಸಪ್ಪ ಕಾಕಾ ಅವರ ಮನೆಯಾಕೆ, ನಮಗೆಲ್ಲ ಕಾಕಿ, ಅವಲಕ್ಕಿಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ವಿಡಿಯೋ ಮುಗಿಯುವವರೆಗೂ ಕೇಳಿ, ತಾಟು ಇಟ್ಟು, "ಅದು ಜನಪದ ಅಲ್ಲರಿ. ನಂದು" ಎಂದರು.

"ಏನು ನಿಂದು?"

"ಹಾಡು. ನಾ ಕಟ್ಟಿದ್ದು."

ಕಾಕಾ ನಕ್ಕರು. ಕಿತ್ತೂರಿನವರೂ ನಕ್ಕರು. ನಾನೂ ಸ್ವಲ್ಪ ನಕ್ಕೆ, ಸುಳ್ಳೇಕೆ ಹೇಳಲಿ. ಬೀಗರ ಹಾಡನ್ನು ಯಾರಾದರೂ ಕಟ್ಟಿರುತ್ತಾರೆ ಎಂದು ನಾವು ಯಾವತ್ತಾದರೂ ಯೋಚಿಸಿದ್ದೇವಾ? ಅದು ಹಿತ್ತಲಲ್ಲಿ ತಾನಾಗಿ ಬೆಳೆದದ್ದು ಅಂತಲ್ಲವೇ ನಮ್ಮ ತಿಳಿವಳಿಕೆ? ಗಂಡಸು ಹಾಡು ಕಟ್ಟಿದರೆ ಕಡೆಯ ಸಾಲಿನಲ್ಲಿ ಅಂಕಿತ ಹಾಕುತ್ತಾನೆ. ಹೆಂಗಸರು ಅಡುಗೆಮನೆಯಲ್ಲಿ ಕಟ್ಟಿದ್ದಕ್ಕೆಲ್ಲ ಒಂದೇ ಹೆಸರು: ಜನಪದ. ಎಷ್ಟೋ ಸಲ ಆ ಪದಕ್ಕೆ 'ನಾವು ಕೇಳಲು ಹೋಗಲಿಲ್ಲ' ಎಂದಷ್ಟೇ ಅರ್ಥ.

ಕಾಕಾ ಸಂಶೋಧಕರಾದರು. "ಪುರಾವಾ ಏನೈತಿ? ಯಾವಾಗ ಕಟ್ಟಿದಿ? ಮೊದಲ ಯಾರು ಹಾಡಿದ್ರು?"

(ಬಸ್ಸಿನಲ್ಲಿ ಹೋದ ಇಂಗ್ಲೆಂಡಿನ ಆ ಬಡಪಾಯಿಯ ಹತ್ತಿರ ಇವರು ಪುರಾವೆ ಕೇಳಿದ್ದರೇ?)

"ಆ ಹುಡುಗ್ಯಾರು ಒಂದು ಮಾತು ತಪ್ಪು ಹಾಡ್ಯಾರ" ಎಂದರು ಕಾಕಿ. "ಮೊಬೈಲ ಅಂತ ಹಾಡ್ಯಾರ. ನಾ ಕಟ್ಟಿದ್ದು ರೇಡಿಯೋ." ಹಾಗೆಂದವರು ಅಲ್ಲೇ ಗೋಡೆಗೆ ಒರಗಿ ನಿಂತು ಹಾಡಿಯೇಬಿಟ್ಟರು.

ಬಂಡಿ ಇಳಿದ ಬೀಗ ಬಂದ, ಮಂದಿ ನೋಡಲಿಲ್ಲ
ಮುಂದ ಇಟ್ಟ ಕರಿಗಡಬ ಮುಟ್ಟಿ ನೋಡಲಿಲ್ಲ
ಕಿವಿಗಿ ರೇಡಿಯೋ ಹಚ್ಚಿ ಕುಂತ, ಕರದರ ಓ ಅನಲಿಲ್ಲ
ತಿಳಿಯದ ಹಾಡಿಗಿ ತಲಿ ತೂಗತಾನ, ತಿಳಿಸಿ ಹೇಳವರಿಲ್ಲ

ಮೊದಲು ತಿಳಿದದ್ದು ದಸ್ತಗೀರ ಕಾಕಾ ಅವರಿಗೆ. ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು.

"ಚನ್ನ್ಯಾ, ಆ ರೇಡಿಯೋ ನಮ್ಮಪ್ಪಂದು. ನಿಮ್ಮ ಅಣ್ಣನ ಮದಿವಿಗಂತ ಕಟಕೋಳಕ್ಕ ಒಯ್ದಿದ್ದಿ. ಎಲ್ಲಾರೂ ಉಣ್ಣಾಕ ಕುಂತ್ರ ನೀ ಅದನ್ನ ಕಿವಿಗಿ ಹಚಗೊಂಡು ಕುಂತಿದ್ದಿ."

ಕಾಕಿಯ ತವರು ಕಟಕೋಳ. ಅವರ ಅಕ್ಕನನ್ನು ಕಾಕಾ ಅವರ ಅಣ್ಣನಿಗೆ ಕೊಟ್ಟಿದ್ದರು. ಆ ಮದುವೆಯಲ್ಲಿ, ಕರಿಗಡಬು ಬಿಟ್ಟು ಅರ್ಥವಾಗದ ಇಂಗ್ಲಿಷ್ ಹಾಡಿಗೆ ತಲೆದೂಗುತ್ತ ಕೂತಿದ್ದ ಬೀಗರ ಹುಡುಗನನ್ನು ನೋಡಿ ಆಗಿನ್ನೂ ಹುಡುಗಿಯಾಗಿದ್ದ ಕಾಕಿ ನಿಂತ ನಿಲುವಿನಲ್ಲೇ ಕಟ್ಟಿದ ಹಾಡದು. ಮುಂದೆ ಆ ಹುಡುಗನಿಗೇ ಅವರನ್ನೂ ಕೊಟ್ಟರು. ಹಾಡು ಮಾತ್ರ ರಾಮದುರ್ಗ, ಸವದತ್ತಿ, ಸಂಗೊಳ್ಳಿ ಎಂದು ಮದುವೆಯಿಂದ ಮದುವೆಗೆ ಹೋಗುತ್ತ, ದಾರಿಯಲ್ಲಿ ರೇಡಿಯೋ ಬಿಟ್ಟು ಮೊಬೈಲು ಹಿಡಿಯಿತು.

ಅಂದರೆ ಕಾಕಾ ಇಷ್ಟು ವರ್ಷ ಎಷ್ಟೋ ಮದುವೆಗಳಲ್ಲಿ ಕುಳಿತು ತಮ್ಮನ್ನೇ ಬೈದ ಹಾಡು ಕೇಳಿ ನಕ್ಕಿದ್ದಾರೆ. ಎಂಥ ಬೆಪ್ಪು ಬೀಗನೋ ಪಾಪ ಎಂದುಕೊಂಡಿದ್ದಾರೆ. ಅವರ ಮುಖ ನೀವು ನೋಡಬೇಕಿತ್ತು.

"ಒಮ್ಮೆರ ಹೇಳಬೇಕಿಲ್ಲ ನೀ?" ಎಂದರು ಕಡೆಗೆ.

"ಒಮ್ಮೆರ ಕೇಳಬೇಕಿಲ್ಲ ನೀವು?" ಕಾಕಿಯ ದನಿಯಲ್ಲಿ ನಗು ಇತ್ತು. ಮುಂದಿನ ಮಾತಿನಲ್ಲಿ ಇರಲಿಲ್ಲ. "ಆ ಯರಗಟ್ಟಿ ಮದಿವ್ಯಾಗ ನಾನೂ ಇದ್ನಿ. ಇದು ನಂದವಾ ಅಂತ ಆ ಹುಡುಗಿಗಿ ಹೇಳಿದ್ರ, ಜನಪದ ಐತಿ ಅಜ್ಜಿ ಅಂತ ನಕ್ಕಳು. ಎಲ್ಲೋ ಇರೋ ಇಂಗ್ಲೆಂಡದಾವನ ಸಲುವಾಗಿ ದಿನಾ ಬರೀತೀರಿ. ನನ್ನ ಸಲುವಾಗಿ ಒಂದು ಸಾಲು ಬರೀರಿ. ನನ್ನ ಹಾಡಿಗಿ ನನ್ನ ಹೆಸರು ಇರಲಿ."

 

ಕಾಕಾ ಚಷ್ಮಾ ಏರಿಸಿದರು. ಫೋನಿನ ಮೇಲೆ ಒಂದೇ ಬೆರಳಿನಲ್ಲಿ ಬಹಳ ಹೊತ್ತು ಒತ್ತಿದರು. ಅಳಿಸಿದರು, ಮತ್ತೆ ಒತ್ತಿದರು. ಇಂಗ್ಲೆಂಡಿಗೂ ಅಷ್ಟು ಕಷ್ಟಪಟ್ಟಿರಲಿಕ್ಕಿಲ್ಲ. ಮುಗಿದ ಮೇಲೆ ಫೋನನ್ನು ಗೆಳೆಯನ ಕೈಗೆ ಕೊಟ್ಟು, "ಓದು, ಆಕಿ ಕೇಳಲಿ" ಎಂದರು.

ದಸ್ತಗೀರ ಕಾಕಾ ಗಂಟಲು ಸರಿಮಾಡಿಕೊಂಡು ಓದಿದರು: "ಮಾನ್ಯರೇ, ಇದು ಜನಪದ ಗೀತೆ ಅಲ್ಲ. ಇದನ್ನು ರಚಿಸಿದವರು ಬೈಲಹೊಂಗಲದ ಹಿರಿಯ ಹತ್ತಿ ವ್ಯಾಪಾರಸ್ಥರಾದ ಶ್ರೀ ಚನ್ನಬಸಪ್ಪ ಇವರ ಧರ್ಮಪತ್ನಿ. ಕೂಡಲೇ ಹೆಸರು ಹಾಕತಕ್ಕದ್ದು."

"ಯಾರ ಹೆಸರು ಹಾಕಬೇಕು ಅವರು?" ಎಂದರು ಕಾಕಿ.

"ಬರದೇನಲ್ಲ, ಧರ್ಮಪತ್ನಿ ಅಂತ."

"ಇದರಾಗ ನೀವು ಅದೀರಿ, ಊರು ಐತಿ, ಹತ್ತಿನೂ ಐತಿ. ನಾ ಎಲ್ಲಿ ಅದೇನಿ?"

ಕಾಕಾ ಮೆತ್ತಗಾದರು. "ಮನಿಯಾಕಿ ಹೆಸರು ಹಂಗ ನಾಕ ಮಂದಿ ಮುಂದ ಹೆಂಗ ಬರಿಯೂದು?"

"ನಮ್ಮ ಮದಿವ್ಯಾಗ ನಾ ಒಡಪು ಕಟ್ಟಿ, ನಿಮ್ಮ ಹೆಸರು ಅದರಾಗ ಹಾಕಿ, ಊರ ಮುಂದ ಹೇಳಿರಲಿಲ್ಲೇನು? ಆವಾಗ ನಾಕ ಮಂದಿ ಇದ್ದಿಲ್ಲೇನು?"

 ಕಾಕಾ ಅವಲಕ್ಕಿಯ ತಾಟಿಗೆ ಕೈಹಾಕಿದರು.

ಕಾಕಿ ನನ್ನ ಕಡೆ ತಿರುಗಿದರು. "ನೀನರ ಬರಿಯಪಾ. ವಾರಾ ಪೇಪರಿನ್ಯಾಗ ಏನೇನರೆ ಬರೀತಿ."

"ಬರೀತೇನ್ರಿ ಕಾಕಿ" ಎಂದು ಹುರುಪಿನಿಂದ ಪೆನ್ನು ತೆಗೆದೆ. ತೆಗೆದವನು ಹಾಗೇ ಕುಳಿತೆ. ಹುಟ್ಟಿದಾಗಿನಿಂದ ಈ ಓಣಿಯಲ್ಲಿದ್ದೇನೆ, ಅವರ ಕೈಯ ಅವಲಕ್ಕಿ ತಿಂದು ದೊಡ್ಡವನಾಗಿದ್ದೇನೆ. ಹೆಸರು ಗೊತ್ತಿಲ್ಲ.  ದಸ್ತಗೀರ ಕಾಕಾ ಅವರ ಕಡೆ ನೋಡಿದರೆ ಅವರು ಸೀಲಿಂಗ್ ಫ್ಯಾನು ನೋಡುತ್ತಿದ್ದರು.

ಕೇಳಿದೆ. ಹೇಳಿದರು. ಬಸಲಿಂಗವ್ವ.

ಇಷ್ಟು ಹೊತ್ತು ಕಾಕಿ, ಕಾಕಿ ಎಂದು ಓದಿಕೊಂಡು ಕಾಕಾ ಅವರನ್ನು ನೋಡಿ ನಕ್ಕಿರಲ್ಲ, ನಿಮ್ಮಲ್ಲಿ ಯಾರಿಗಾದರೂ ಅವರ ಹೆಸರೇನು ಎಂದು ಕೇಳಬೇಕು ಅನ್ನಿಸಿತೇ?