ಚಾಚಾನ ಅಂಗಡಿಯ ಎರಡನೆಯ ಕಿವಿ

ಮೊನ್ನೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದ ಮೇಲೆ ಕೈ ಮೂಸಿ ನೋಡಿಕೊಂಡೆ. ಪಿತ್ತಾಳೆಯ ವಾಸನೆ. ಸೋಪು ಹಾಕಿ ಎರಡು ಸಲ ತೊಳೆದರೂ ಹೋಗಲಿಲ್ಲ. ಹಿಂದೆಲ್ಲ ಶನಿವಾರ ತುಮಕೂರಿನ ಶಿರಾ ಗೇಟಿನ ಆ ಅಂಗಡಿಯಿಂದ ಮನೆಗೆ ಬಂದಾಗಲೂ ನನ್ನ ಕೈ ಹೀಗೇ ನಾರುತ್ತಿತ್ತು. ಸಿಂಕಿನ ಮುಂದೆ ನಿಂತಲ್ಲೇ ಅಳು ಬಂತು. ಅಳಲು ನನಗೆ ಹಕ್ಕಿದೆಯೋ ಇಲ್ಲವೋ...

ಆ ಅಂಗಡಿಯವರು ಹಾರ್ಮೋನಿಯಂ, ಮೌತ್ ಆರ್ಗನ್ ರಿಪೇರಿ ಮಾಡುತ್ತಿದ್ದರು. ಎಲ್ಲರಿಗೂ ಚಾಚಾ, ನನಗೂ ಚಾಚಾ. ನಾನಾಗ ಬೆಳ್ಳಾವಿ ಕಡೆಯ ಸ್ಕೂಲಿನಲ್ಲಿ ಟೀಚರ್. ಮಕ್ಕಳಿಗೆ ಪದ್ಯದ ರಾಗ ಹೇಳಿಕೊಡಲು ಇಟ್ಟುಕೊಂಡಿದ್ದ ಮೌತ್ ಆರ್ಗನ್ನಿನ ಒಂದು ಸ್ವರ ಕಟ್ಟಿಹೋಗಿತ್ತೆಂದು ಅವರ ಬಳಿ ಒಯ್ದೆ. ಅವರು ಸ್ಕ್ರೂ ಬಿಚ್ಚಿ ತೋರಿಸಿದರು. ಒಳಗೆ ಬಾಚಣಿಗೆಯಂಥ ಪ್ಲಾಸ್ಟಿಕ್ ತುಂಡು, ಅದರ ಮೇಲೆ ಕೆಳಗೆ ಪಿತ್ತಾಳೆ ತಗಡು, ತಗಡಿನ ಸಾಲು ಸಾಲು ಸೀಳುಗಳಲ್ಲಿ ತೆಳ್ಳನೆಯ ನಾಲಿಗೆಗಳು. ಆ ನಾಲಿಗೆಗೇ ರೀಡು ಎನ್ನುವುದು. ಪ್ಲಾಸ್ಟಿಕ್ ತುಂಡನ್ನು ತೆಗೆದು ಪಕ್ಕಕ್ಕೆಸೆದು, ತೇಗದಲ್ಲಿ ಅಂಥದ್ದೇ ಒಂದು ಕೆತ್ತಿ ಕೂರಿಸಿಕೊಟ್ಟರು. ಊದಿದೆ. ಧ್ವನಿ ತುಂಬಿಕೊಂಡು ಬಂತು. ಮರಕ್ಕೆ ಇಷ್ಟು ಶಕ್ತಿ ಇದೆಯಾ ಎಂದು ಬೆರಗಾದದ್ದಕ್ಕೆ ನಕ್ಕರು.

"ಎಲ್ಲಾ ಮರ ಮರ ಅಂತಾರೆ ಟೀಚರಮ್ಮ. ಹಾಡೋದು ಪಿತ್ತಾಳೆ. ಉಸಿರು ಸೋರದಂಗೆ ಕಾಯೋದಷ್ಟೇ ಮರದ ಕೆಲ್ಸ."

ಆದರೆ ಮರ ಎಂಜಲು ಕುಡಿದು ಉಬ್ಬುತ್ತದೆ, ಒಣಗಿ ಸೆಟೆದು ತುಟಿ ಕೊಯ್ಯುತ್ತದೆ. ಅದಕ್ಕೇ ಅವರು ಅದನ್ನು ಬಿಸಿ ಜೇನುಮೇಣದಲ್ಲಿ ಅದ್ದಿಟ್ಟು ತೆಗೆಯುತ್ತಿದ್ದರು. ರೀಡಿನ ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ, ಹೆಚ್ಚು ಕೆರೆದರೆ ರೀಡೇ ಇರುವುದಿಲ್ಲ. ಇದೆಲ್ಲ ಅವರಿಂದ ಕಲಿತದ್ದು.

ಅವರ ಅಂಗಡಿಗೆ ಒಂದು ಕಟ್ಟಳೆ ಇತ್ತು. ಕೆರೆದವನ ಕಿವಿ ತಾನು ಕೆರೆದದ್ದಕ್ಕೆ ಒಗ್ಗಿಬಿಡುತ್ತದೆ, ಅದನ್ನು ನಂಬಬಾರದು ಎಂದು ಅವರ ಉಸ್ತಾದರು ಹೇಳಿದ್ದರಂತೆ. ಆದ್ದರಿಂದ ಎರಡನೆಯ ಕಿವಿಯೊಂದು ಕೇಳಿ ಒಪ್ಪುವವರೆಗೆ ಯಾವ ವಾದ್ಯವೂ ಹೊಸ್ತಿಲು ದಾಟುತ್ತಿರಲಿಲ್ಲ. ಆ ಕಿವಿ ಅವರ ಹೆಂಡತಿಯದು. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಇವರು ಊದುವುದು, ಪರದೆಯ ಆಚೆಯಿಂದ ಚಾಚಿ "ಹ್ಞೂಂ" ಎನ್ನುವುದು, ಇಲ್ಲವೇ ಸುಮ್ಮನಿರುವುದು. ಸುಮ್ಮನಿದ್ದರೆ ಇವರು ಮತ್ತೆ ಸ್ಕ್ರೂ ಬಿಚ್ಚುತ್ತಿದ್ದರು.

ಚಾಚಿ ತೀರಿಕೊಂಡರು. ನಲವತ್ತು ದಿನ ಕಳೆದು ಅಂಗಡಿ ತೆರೆದಾಗ ಪರದೆಯ ಆಚೆ ಯಾರೂ ಇರಲಿಲ್ಲ. "ನಿಮ್ ಕಿವಿ ಚೆನ್ನಾಗೈತೆ, ನೀವು ಕೇಳ್ತೀರಾ?" ಎಂದರು. ಹೆಮ್ಮೆಯಿಂದ ಉಬ್ಬಿಹೋದೆ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಬಸ್ಸಿಳಿದು ನೇರ ಅಲ್ಲಿಗೆ ಹೋಗುತ್ತಿದ್ದೆ.

ಮೂರೋ ನಾಲ್ಕೋ ತಿಂಗಳಾಗಿರಬೇಕು. ಒಂದು ಶನಿವಾರ ಅವರು ಊದಿದ ಮೌತ್ ಆರ್ಗನ್ನಿನ ಮೇಲಿನ ಸ್ವರಗಳು ಕಿವಿಗೆ ಗೀರಿದಂತೆ ಬಂದವು. ತೀರಾ ತಪ್ಪು. ಅವರು ಮಾತ್ರ ಖುಷಿಯಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಮೇಲಿನ ಸ್ವರ ಅವರಿಗೆ ಕೇಳುತ್ತಿಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. "ಸರಿ ಇದೆ ಚಾಚಾ" ಎಂದೆ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ, ಇದೊಂದು ಸಲ ಇರಲಿ ಎಂದುಕೊಂಡೆ. ದೊಡ್ಡ ಮನಸ್ಸು ನನ್ನದು!

ಒಂದು ಸಲ ಸುಳ್ಳು ಹೇಳಿದ ಮೇಲೆ ಮುಂದಿನ ಶನಿವಾರ ನಿಜ ಹೇಳುವುದು ಹೇಗೆ? ವಾದ್ಯಗಳು ವಾಪಸು ಬರತೊಡಗಿದವು. ಗುಬ್ಬಿಯ ಭಜನೆಯವರು ಬೈದು ಹೋದರು. ಟೀಚರಮ್ಮ ಒಪ್ಪಿದ್ದಾರೆಂದ ಮೇಲೆ ಸ್ವರ ತಪ್ಪಿರಲಾರದು, ದೋಷ ಬೇರೆಲ್ಲೋ ಇರಬೇಕು ಎಂದು ಅವರು ಮರದ ಮೇಲೆ ಅನುಮಾನಪಟ್ಟರು. ತೇಗ ಬಿಟ್ಟು ಹಲಸು ಕೆತ್ತಿದರು. ಹಲಸು ಬಿಟ್ಟು ತೆಂಗಿನ ಮರದ ಗಟ್ಟಿ ಚೇಗು. ಮರಕ್ಕೂ ಧ್ವನಿಗೂ ಸಂಬಂಧವಿಲ್ಲ ಎಂದು ನಕ್ಕಿದ್ದ ಮನುಷ್ಯ, ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡು ಚೇಗು ಕೊರೆಯುತ್ತಾ, "ಇದಾದ್ರೂ ಉಸಿರು ಹಿಡೀಬೋದು ಟೀಚರಮ್ಮ, ಇದಾದ್ರೂ..." ಎನ್ನುತ್ತಿದ್ದರು. ನಾನು ಎದುರಿಗೆ ಕೂತು ಚಹಾ ಕುಡಿಯುತ್ತಿದ್ದೆ.

ಕೊನೆಗೆ ಹೋಲಿಸಿ ನೋಡಲೆಂದು ಅವರು ಚಾಚಿಯ ಮೌತ್ ಆರ್ಗನ್ ತೆಗೆದರು. ಮದುವೆಯಾದ ಹೊಸದರಲ್ಲಿ ಆಕೆಗೆಂದೇ ಮಾಡಿದ್ದು. ಒಂದೊಂದು ರೀಡು ಕೆರೆಯುವಾಗಲೂ ಚಾಚಿ ಪಕ್ಕದಲ್ಲಿ ಕೂತು "ಇನ್ನೂ, ಇನ್ನೂ, ಸಾಕು" ಎಂದು ನಿಲ್ಲಿಸಿದ್ದರಂತೆ. ಚಾಚಿಯ ಒಂದು ಫೋಟೊ ಕೂಡ ಆ ಮನೆಯಲ್ಲಿರಲಿಲ್ಲ. ಆಕೆ ಎಲ್ಲಿ "ಸಾಕು" ಎಂದಿದ್ದರೋ ಅಲ್ಲಿ ನಿಂತ ಆ ಸ್ವರಗಳೇ ಆಕೆಯದೆಂದು ಉಳಿದಿದ್ದವು. ಚಾಚಾ ಊದಿದರು. ಅಷ್ಟು ಶುದ್ಧವಾದ ಧ್ವನಿಯನ್ನು ಆ ಅಂಗಡಿಯಲ್ಲಿ ನಾನು ಕೇಳಿರಲಿಲ್ಲ. ಅವರ ಮುಖ ಕಪ್ಪಿಟ್ಟಿತು.

"ಇದೂ ಮೇಲ್ಗಡೆ ಮಂಕಾಗೈತೆ. ಬುಡದಲ್ಲಿ ವಸಿ ಕೆರೆದ್ರೆ ಬಿಡಿಸ್ಕೊಂಡು ಮಾತಾಡುತ್ತೆ. ಕೆರೀಲಾ ಟೀಚರಮ್ಮ?"

ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಿದ್ದರು. ಯಾಕೆಂದು ಹೇಳಿದರೆ ಅಷ್ಟೂ ಶನಿವಾರಗಳ ಲೆಕ್ಕ ಒಪ್ಪಿಸಬೇಕಿತ್ತು. ನನ್ನ ಮಾನ ನನಗೆ ಹೆಚ್ಚಾಯಿತು.

"ಕೆರೀರಿ ಚಾಚಾ" ಎಂದೆ.

ಕೆರೆದರು, ಊದಿದರು, ಮತ್ತೆ ಕೆರೆದರು. ಎರಡು ಸ್ವರ ಕುಸಿದವು. ಮೂರನೆಯ ರೀಡು ಉಗುರು ಕತ್ತರಿಸಿದಷ್ಟೇ ಸದ್ದು ಮಾಡಿ ಮುರಿಯಿತು.

ಮುರಿದದ್ದರ ಜಾಗಕ್ಕೆ ಬೇರೊಂದು ಕೂರಿಸಿ, ಮುಂದಿನ ವಾರ ಕುಣಿಗಲ್‌ನಿಂದ ಬಂದ ಮಗಳಿಗೆ ಊದಿ ತೋರಿಸಿದರು. ನಾನೂ ಇದ್ದೆ. ಅವಳು ಕಿವಿ ಮುಚ್ಚಿಕೊಂಡಳು. "ಅಬ್ಬಾಜಾನ್, ಇದು ಅಮ್ಮೀದಲ್ಲ! ಅಮ್ಮೀದಕ್ಕೆ ಏನ್ ಮಾಡಿದ್ರಿ?" ಅವರು ಏನು ಏನು ಎಂದರು. ಸ್ವರ ಕೆಟ್ಟಿದೆ, ನಿಮಗೇ ಕೇಳಿಸುತ್ತಿಲ್ಲ ಎಂದು ಅವಳು ಬಾಯಿಯನ್ನು ಅವರ ಕಿವಿಯ ಹತ್ತಿರ ತಂದು ಕೂಗಿ ಹೇಳಬೇಕಾಯಿತು. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ನೀವು ಕೇಳಿದ್ರಲ್ಲ ಟೀಚರಮ್ಮ?"

ನಾನು ತಲೆ ತಗ್ಗಿಸಿದೆ. ನೆಲದ ಮೇಲೆಲ್ಲ ಚೇಗಿನ ಹೊಟ್ಟು ಬಿದ್ದಿತ್ತು.

ಆ ತಿಂಗಳೇ ಅಂಗಡಿ ಮುಚ್ಚಿ ಮಗಳ ಜೊತೆ ಹೋದರು. ತುಮಕೂರಿನಿಂದ ಕುಣಿಗಲ್ ಎಷ್ಟು ಮಹಾ ದೂರ? ಬಸ್ಸು ಹತ್ತಿದರೆ ಒಂದು ಗಂಟೆ. ಒಂದು ದಿನವೂ ಹೋಗಲಿಲ್ಲ. ವರ್ಷವಾದ ಮೇಲೆ ಮಗಳೇ ಫೋನ್ ಮಾಡಿದಳು.

"ಅಬ್ಬಾಜಾನ್ ನಿಮ್ದೇ ಮಾತಾಡ್ತಿರ್ತಾರೆ ಮೇಡಂ. ಪಾಪ, ಟೀಚರಮ್ಮನ ಕಿವೀನೂ ನನ್ ಥರಾನೇ ಹೋಗೈತೆ, ಯಾರ್ಗೂ ಹೇಳ್ಕೊಂಡಿಲ್ಲ, ಡಾಕ್ಟ್ರಿಗೆ ತೋರಿಸ್ಕೊಳಕ್ಕೆ ಹೇಳು ಅಂತಾರೆ."

"ತೋರಿಸ್ಕೋತೀನಿ" ಎಂದೆ.

ಅವರು ಹಾಗೆಂದು ನಿಜವಾಗಿಯೂ ನಂಬಿದ್ದರೋ, ಮಗಳ ಮುಂದೆ ನನ್ನ ಮಾನ ಉಳಿಸಿದರೋ ಗೊತ್ತಿಲ್ಲ. ಇನ್ನು ಕೇಳುವಂತೆಯೂ ಇಲ್ಲ. ಹೋದ ರಂಜಾನಿಗೆ ಮುಂಚೆ ಅವರು ತೀರಿಕೊಂಡರು.

ನನ್ನ ಕಿವಿಗೆ ಏನೂ ಆಗಿರಲಿಲ್ಲ, ಚಾಚಾ.