ಎಡಗೈಗೆ ಸೂಜಿ ಬೇಡ ಎಂದವಳ ಅರ್ಜಿ

ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ ಎಲ್ಲ ಅಕ್ಕ-ಅಣ್ಣಂದಿರಿಗೆ ಅಫಜಲಪುರದ ಮಹಾನಂದಾಳ ನಮಸ್ಕಾರ. ನಾನು ದೇವರ ಜೊತೆ ಜಗಳಾಡಿದವಳು. ಜಗಳಾಡಿಯೇ ಪಡೆದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಸರಸಂಬಾದಿಂದ ಸೊಸೆಯಾಗಿ ಈ ಕಡೆ ಬಂದಾಗಲೇ ನರ್ಸಿಂಗ್ ಕಲಿಯುವ ಆಸೆಯಿತ್ತು. ಮಕ್ಕಳು, ಮನೆ, ಹೊಲ ಎನ್ನುವುದರಲ್ಲೇ ವರ್ಷಗಳು ಹೋದವು. ಈ ಸಲ ಸೀಟು ಸಿಗದಿದ್ದರೆ ವಯಸ್ಸಿನ ಮಿತಿ ದಾಟಿಬಿಡುತ್ತಿತ್ತು. ಕಲಬುರಗಿಯ ಕಾಲೇಜೊಂದು ಅರ್ಜಿಯ ಜೊತೆ ಪ್ರಬಂಧ ಕೇಳಿತ್ತು: ನೀವು ಯಾಕೆ ನರ್ಸ್ ಆಗಬೇಕು, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಅದನ್ನು ಓದಿಯೇ ಸಂದರ್ಶನಕ್ಕೆ ಕರೆಯುತ್ತಾರಂತೆ.

ಪೆನ್ನು ಹಿಡಿದರೆ ಒಂದು ಸಾಲೂ ಬರಲಿಲ್ಲ. ನಮ್ಮೂರ ಟ್ಯೂಷನ್ ಸರ್ ಹತ್ತಿರ ಹೋದೆ. ಅವರು ಮೊಬೈಲಿನಲ್ಲಿ ಸಿದ್ಧ ಪ್ರಬಂಧವೊಂದನ್ನು ತೋರಿಸಿದರು. ಬಾಲ್ಯದಿಂದಲೂ ದೀನರ ಸೇವೆಯೇ ನನ್ನ ಕನಸು ಎಂದು ಶುರುವಾಗಿತ್ತು.

“ಹೆಸರು ಬದ್ಲಿ ಮಾಡಿ ಹಾಕ್ರಿ. ಎಲ್ಲಾರೂ ಇದನ್ನ ಹಾಕ್ತಾರ.”

“ನನಗ ಬಾಲ್ಯದಾಗ ಅಂಥಾ ಕನಸು ಬಿದ್ದೇ ಇಲ್ರಿ ಸರ್.”

“ನಿಮಗ ಸೀಟು ಬೇಕೋ, ಖರೇ ಬೇಕೋ?”

“ಎರಡೂ ಬೇಕ್ರಿ,” ಎಂದು ಎದ್ದು ಬಂದೆ.

ಧಿಮಾಕಿನಿಂದ ಬಂದದ್ದೇನೋ ಸರಿ, ಹಾಳೆ ಖಾಲಿಯೇ ಉಳಿಯಿತು. ಕೊನೆಯ ದಿನ ಹತ್ತಿರ ಬಂತು. ನಮ್ಮ ಮನೆಯವರು, “ಬಿಡು, ನಿನ್ನ ಹಣೇಬರದಾಗ ಇಲ್ಲ,” ಅಂದರು. ರೊಟ್ಟಿ ಬಡಿಯುತ್ತ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತವಳು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೇರವಾಗಿ ಬೈದೆ. “ಆಸೆ ಹಚ್ಚಿದವ ನೀನು. ಬರಿಯಾಕ ಮಾತು ಕೊಡಾಕ ಮತ್ತ್ಯಾರು ಬರಬೇಕು? ನೀ ಕೊಡೂತನಾ ನಾ ಏಳಂಗಿಲ್ಲ.” ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂತು. ಏಳಲಿಲ್ಲ. ಅಂಗೈಯನ್ನೇ ನೋಡುತ್ತ ಕೂತೆ. ನೋಡನೋಡುತ್ತ ಅದು ನನ್ನ ಕೈಯಲ್ಲ, ಅತ್ತೆಯ ಕೈ ಎನಿಸಿತು.

ಹಿಂದಿನ ವರ್ಷ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಗಂಜಿ ಕೊಡಬಹುದು ಅಂದರೂ ಅತ್ತೆ ಬಾಯಿಯನ್ನೇ ತೆರೆಯಲಿಲ್ಲ. ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಆಗ ನಾನು ನೋಡಿದೆ. ಸಲೈನ್ ಸೂಜಿ ಎಡಗೈಗೆ ಹಾಕಿ, ಅಲುಗಾಡದಂತೆ ಅಂಗೈ ಸಮೇತ ಪಟ್ಟಿ ಸುತ್ತಿದ್ದರು. ಲಿಂಗ ಇಡಲು ಜಾಗವೇ ಇರಲಿಲ್ಲ. ಲಿಂಗಪೂಜೆ ಮಾಡದೆ ನಮ್ಮ ಅತ್ತೆ ಎಂದೂ ತುತ್ತು ಮುಟ್ಟಿದವರಲ್ಲ.

“ಅತ್ತಿ, ಬಾಯಿ ಬಿಟ್ಟು ಹೇಳಬಾರದೇನ್ರಿ?”

“ಅವರ ಕೆಲಸ ಅವರು ಮಾಡ್ಯಾರ. ನಾ ಏನಂತ ಹೇಳಲಿ, ಯವ್ವಾ?”

ನಾನು ಹೇಳಿದೆ. “ಸಿಸ್ಟರ್, ಸೂಜಿ ಬಲಗೈಗೆ ಹಾಕ್ರಿ. ಎಡಗೈ ದೇವರದು.” ಆಕೆ ಎರಡು ಮಾತಾಡದೆ ಬದಲಿಸಿದರು. ಅತ್ತೆ ಮಲಗಿದಲ್ಲೇ ಪೂಜೆ ಮುಗಿಸಿ, ಗಂಜಿ ಕೇಳಿ ಕುಡಿದರು.

ಇದನ್ನೇ ಬರೆದೆ. ಪೂಜೆಯಿಂದ ಎದ್ದವಳೇ ಒಂದೇ ಉಸಿರಿಗೆ ಬರೆದೆ. ತೋರಿಸಿದರೆ ಟ್ಯೂಷನ್ ಸರ್ ಓದಿ, “ದೇವರು-ಗೀವರು ತೆಗೀರಿ, ನಗ್ತಾರ,” ಅಂದರು. ನಕ್ಕರೆ ನಗಲಿ ಎಂದು ಒಂದಕ್ಷರವನ್ನೂ ತೆಗೆಯಲಿಲ್ಲ.

ಸಂದರ್ಶನಕ್ಕೆ ಕರೆ ಬಂತು. ಅಲ್ಲಿದ್ದ ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಇದು ನಿಮ್ಮ ದೇವರ ಮಾತಾಯ್ತು. ನಿಮ್ಮವರಲ್ಲದ ಪೇಷಂಟ್ ಬಂದ್ರ ಏನ್ ಮಾಡ್ತೀರಿ?”

“ಯಾವ ಕೈ ಬೇಕು ಅಂತ ಮೊದಲು ಕೇಳ್ತೇನ್ರಿ. ಸೂಜಿ ಆಮ್ಯಾಲ.”

ಅವರು ನಗಲಿಲ್ಲ. ಏನನ್ನೋ ಬರೆದುಕೊಂಡರು. ಆಯ್ಕೆಪಟ್ಟಿಯಲ್ಲಿ ನನ್ನ ಹೆಸರಿತ್ತು.

ಮೊನ್ನೆ ವಾರ್ಡಿನಲ್ಲಿ ಮೊದಲ ಸಲ ನಾನೇ ಸೂಜಿ ಹಾಕುವ ಸರದಿ ಬಂತು. ಯಡ್ರಾಮಿ ಕಡೆಯ ಮುದುಕರೊಬ್ಬರು ಮಲಗಿದ್ದರು. ಸಂದರ್ಶನದ ಅದೇ ಮೇಡಂ ಪಕ್ಕದಲ್ಲೇ ನಿಂತಿದ್ದರು. “ಚಾಚಾ, ಯಾವ ಕೈಗೆ ಹಾಕಲ್ರಿ?” ಎಂದೆ. ಅವರು ಎಡಗೈ ಮುಂದೆ ಚಾಚಿದರು. ಬಲಗೈಯಲ್ಲಿ ಜಪದ ಮಣಿಗಳಿದ್ದವು.

ಆ ಸಂಜೆ ಲಿಂಗಕ್ಕೆ ಹಣೆ ಹಚ್ಚಿ ಅತ್ತುಬಿಟ್ಟೆ. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟೆ, ನನ್ನಪ್ಪಾ, ಎಂದೆ. ಆಮೇಲೆ ಇದನ್ನೂ ಹೇಳಿದೆ: “ಜಗಳ ಮುಗೀತು ಅನ್ಕೋಬ್ಯಾಡ. ಪರೀಕ್ಷಾ ಇನ್ನಾ ಅದಾವ.”